ಒಂಬತ್ತರ ಬಾಲ

(ಕಂತು ಏಳು)

"ನಲವತ್ತು ಲೆಕ್ಕ ಮಾಡಿ ನೋಡಿದೀರಿ, ಒಪ್ಕೊಂಡೆ. ಯಾವ ಮಾಡ್ಯೂಲ್ ಹಾಕಿ ನೋಡಿದ್ರಿ? ಅದನ್ನ ಹೇಳಿ ಮೊದ್ಲು."

ಕೀಲಿಯಕ್ಕ ವರದಿಯನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಪ್ರೊಫೆಸರರ ಪೆನ್ನಿನ ಡಬ್ಬಿ ಮಗುಚಿಕೊಂಡಿತು. ಒಂದು ಪೆನ್ಸಿಲ್ ಉರುಳುತ್ತಾ ಹೋಗಿ ದಫೇದಾರರ ಬೂಟಿನ ಹತ್ತಿರ ನಿಂತಿತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ದಫೇದಾರರು ಅದನ್ನು ನೋಡಿದರು, ಎತ್ತಿಕೊಡಲಿಲ್ಲ. ಅವರ ತೊಡೆಯ ಮೇಲೆ ಅರಗಿನ ಮುದ್ರೆ ಹಾಕಿದ ತಗಡಿನ ಪೆಟ್ಟಿಗೆಯಿತ್ತು, ಅದನ್ನು ಬಿಟ್ಟು ಬಗ್ಗುವ ಹಾಗಿರಲಿಲ್ಲ.

ಸುರಂಗದೊಳಗೆ ನೀರು ನುಗ್ಗಿ ಮೂವರು ಕೂಲಿಯವರು ಸತ್ತು ಇಂದಿಗೆ ಐದು ವಾರ. ತಪ್ಪೆಲ್ಲ ಸರ್ವೇಯರನದು ಎಂದು ಪ್ರೊಫೆಸರರ ಈ ವರದಿ ಹೇಳಿತ್ತು, ಆ ಸರ್ವೇಯರ್ ಕೀಲಿಯಕ್ಕನ ಒಬ್ಬನೇ ತಮ್ಮ. ಮಧ್ಯಾಹ್ನ ಮೂರು ಗಂಟೆಗೆ ವಿಚಾರಣಾಧಿಕಾರಿ ವರದಿಯನ್ನು ಒಪ್ಪಿಕೊಂಡರೆ ಅವನು ನೇರ ಜೈಲಿಗೆ. ಈಗ ಹನ್ನೊಂದೂಕಾಲು.

"ಯಾವುದು ಅಂದ್ರೆ?" ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು. "ಗಣಿತದ ಮಾಡ್ಯೂಲ್ ಕಣಮ್ಮ. ಕೈಯಂತ್ರದ ಬೆನ್ನಿಗೆ ಚುಚ್ಚೋದು. ನಿಮಗೆ ನಾನು ಹೇಳಿಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಕೀಲಿಯಕ್ಕ ಅದೇ ಕಸುಬು ಮಾಡಿಕೊಂಡು ಬಂದವಳು. ಹಳೆಯ ಕ್ಯಾಲ್ಕುಲೇಟರು, ಹಳೆಯ ಮೇಜಿನ ಕಂಪ್ಯೂಟರು, ಒತ್ತಿದರೆ ಏಳದ ಕೀಲಿ, ಎದ್ದರೆ ಕೂರದ ಕೀಲಿ, ಎಲ್ಲವೂ ಅವಳ ಅಂಗಡಿಗೇ ಬರಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವಳ ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಇತ್ತು.

ತಮ್ಮನ ಕೈಯಂತ್ರ ಮೂವತ್ತೈದು ವರ್ಷದ ಹಳೆಯದು. ಸುರಂಗದ ಕೆಸರು, ತೇವ, ಧೂಳಿನಲ್ಲಿ ಹೊಸ ಫೋನುಗಳು ತಿಂಗಳು ತುಂಬುವ ಮುಂಚೆ ಕೈಕೊಡುತ್ತಿದ್ದವು. ಇದು ಮಾತ್ರ ಜಪ್ಪಯ್ಯ ಅಂದರೂ ನಿಲ್ಲುತ್ತಿರಲಿಲ್ಲ. ಬೆರಳಿನಷ್ಟು ದಪ್ಪದ ಮಾಡ್ಯೂಲನ್ನು ಅದರ ಬೆನ್ನಿಗೆ ಚುಚ್ಚಿದರೆ ಸರ್ವೆಯ ಲೆಕ್ಕಗಳನ್ನೆಲ್ಲ ಅದೇ ಮಾಡುತ್ತಿತ್ತು. ನಕ್ಷೆ ವಿಭಾಗದ ಮೇಜಿನ ಕಂಪ್ಯೂಟರಿಗೂ ಅದೇ ಕಂಪನಿಯ ಗಣಿತದ ಕಾರ್ಡ್ ಇತ್ತು. ಕೈಯಂತ್ರಕ್ಕೆ ಚಿಕ್ಕದು, ಮೇಜಿನದಕ್ಕೆ ದೊಡ್ಡದು, ಒಳಗಿನ ಗಣಿತ ಒಂದೇ ಎಂದು ಕಂಪನಿ ಹೇಳಿಕೊಂಡಿತ್ತು.

ವರದಿ ನಿಂತದ್ದೂ ಆ ಮಾತಿನ ಮೇಲೆಯೇ. ತಮ್ಮ ಅಳೆದು ನಕ್ಷೆ ವಿಭಾಗಕ್ಕೆ ಕಳಿಸಿದ್ದ ಕೋನಗಳನ್ನು ಮೇಜಿನ ಕಂಪ್ಯೂಟರಿಗೆ ಕೊಟ್ಟರೆ ಸರಿಯಾದ ಉತ್ತರ ಬರುತ್ತದೆ. ಅವನ ಕೈಯಂತ್ರದಿಂದ ಬಂದದ್ದು ತಪ್ಪು ಉತ್ತರ. ಮುಂದೆ ಮೂರು ಮೀಟರ್ ಬಂಡೆ ಇದೆ ಎಂದು ಅವನ ಲೆಕ್ಕ ಹೇಳಿತ್ತು, ಒಂದು ಮೀಟರೂ ಇರಲಿಲ್ಲ, ಆಚೆಗೆ ನೀರು ತುಂಬಿದ ಹಳೆಯ ಸುರಂಗವಿತ್ತು. ಎರಡು ಮಾಡ್ಯೂಲುಗಳನ್ನೂ ನಲವತ್ತು ಲೆಕ್ಕ ಕೊಟ್ಟು ಹೋಲಿಸಿದ್ದೇನೆ, ಎಂಟು ದಶಾಂಶದವರೆಗೆ ಎರಡೂ ಒಂದೇ, ಆದ್ದರಿಂದ ತಪ್ಪು ಯಂತ್ರದ್ದಲ್ಲ, ಒತ್ತಿದ ಬೆರಳಿನದು ಎಂದು ಬರೆದು ಪ್ರೊಫೆಸರರು ಕೈತೊಳೆದುಕೊಂಡಿದ್ದರು.

"ಪೆಟ್ಟಿಗೆಯಲ್ಲಿರೋ ಮಾಡ್ಯೂಲನ್ನೇ ಹಾಕಿದ್ರಾ?"

"ಮತ್ತೆ?"

"ದಫೇದಾರ್ರೇ, ರಿಜಿಸ್ಟರ್ ತೆಗೀರಿ."

ದಫೇದಾರರು ಕಂಕುಳಿನಿಂದ ಉದ್ದನೆಯ ಪುಸ್ತಕ ಎಳೆದು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. "ಪೆಟ್ಟಿಗೆ ಮುದ್ರೆ ಆದದ್ದು ಇಪ್ಪತ್ತಾರನೇ ತಾರೀಖು. ಆಮೇಲೆ..." ಬೆರಳು ಖಾಲಿ ಗೆರೆಗಳ ಮೇಲೆ ಇಳಿಯುತ್ತಾ ಹೋಯಿತು. "ಆಮೇಲೆ ಯಾರೂ ಒಡೆದಿಲ್ಲ ಅಕ್ಕಾ. ಒಡೆದಿದ್ರೆ ಇಲ್ಲಿ ಸಹಿ ಇರ್ಬೇಕು. ಇವತ್ತೇ ಮೊದಲು ಠಾಣೆ ಬಿಟ್ಟು ಹೊರಗೆ ಬಂದಿರೋದು, ವಿಚಾರಣೆಗೆ ಒಯ್ಯೋ ದಾರಿಯಲ್ಲಿ ಈ ಸಾಹೇಬರ ಒಂದು ಸಹಿಗೆ ಅಂತ."

ಪ್ರೊಫೆಸರರ ಕಿವಿ ಕೆಂಪಾಯಿತು.

"ನೋಡಿ," ಎಂದರು ಅವರು, "ಆ ಯಂತ್ರ ಕೆಸರಲ್ಲಿ ಬಿದ್ದದ್ದು. ಹಳೇ ಮಾಡ್ಯೂಲು. ಮೂವತ್ತೈದು ವರ್ಷದ ಚಿನ್ನದ ಲೇಪ, ಒಂದು ಸಲ ಎಳೆದು ಒಂದು ಸಲ ಚುಚ್ಚಿದ್ರೆ ಸವೆದುಹೋಗುತ್ತೆ. ನನ್ನ ಸಂಗ್ರಹದಲ್ಲಿ ಅದೇ ಕಂಪನಿಯ, ಅದೇ ನಂಬರಿನ ಮಾಡ್ಯೂಲ್ ಇದೆ. ಹೊಚ್ಚಹೊಸದು. ಗಾಜಿನ ಬೀರು ಬಿಟ್ಟು ಹೊರಗೆ ಬಂದಿರಲಿಲ್ಲ. ಅದನ್ನ ಹಾಕಿ ನೋಡಿದೆ. ಎರಡೂ ಒಂದೇ ಅಲ್ವಾ? ಏನು ವ್ಯತ್ಯಾಸ?"

ಕೀಲಿಯಕ್ಕನ ಮೈಯೆಲ್ಲ ಉರಿದುಹೋಯಿತು. ಗೋಡೆಯುದ್ದಕ್ಕೂ ಇದ್ದ ಗಾಜಿನ ಬೀರುಗಳ ಕಡೆ ಅವಳು ತಿರುಗಿದಳು. ಸಾಲಾಗಿ ಯಂತ್ರಗಳು, ಒಂದೊಂದಕ್ಕೂ ಚೀಟಿ, ಒಂದಕ್ಕೂ ಬೆವರು ತಾಗಿರಲಿಲ್ಲ. ಇಂಥವರನ್ನು ಅವಳು ಚೆನ್ನಾಗಿ ಬಲ್ಲಳು. ಯಂತ್ರವನ್ನು ಮುಟ್ಟಲು ಹೆದರುತ್ತಾರೆ, ಅದರ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಾರೆ.

"ಏನು ವ್ಯತ್ಯಾಸ ಅಂತ ಕೇಳ್ತೀರಲ್ಲ ಸ್ವಾಮಿ," ಅವಳ ದನಿ ಏರಲಿಲ್ಲ, ಅದುಮಿಟ್ಟ ಸಿಟ್ಟಿಗೆ ನಡುಗುತ್ತಿತ್ತು ಅಷ್ಟೆ. "ಒಬ್ಬನಿಗೆ ಹೊಟ್ಟೆನೋವು ಅಂತ ಕರ್ಕೊಂಡು ಬಂದ್ರೆ ಅವನ ಪಕ್ಕದ ಮನೆಯವನ ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ ಹೋಗಿ ಅಂತ ಬರೆದುಕೊಟ್ಟಿದೀರಿ. ನಿಮ್ಮ ಮಾಡ್ಯೂಲಿನ ಚಿನ್ನ ಸವೀಬಾರದು ಅಂತ ನನ್ನ ತಮ್ಮ ಜೈಲಲ್ಲಿ ಸವೀಬೇಕಾ?"

"ನೀವು ಸ್ವಲ್ಪ ನಾಲಿಗೆ ಬಿಗಿ ಹಿಡಿದು..."

"ಐದು ವಾರ ಹಿಡ್ಕೊಂಡೇ ಇದ್ದೆ. ಪೆಟ್ಟಿಗೆ ಒಡೀರಿ ದಫೇದಾರ್ರೇ. ಇಲ್ಲಿ ಅನುಮತಿ ಪತ್ರ ಇದೆ."

ದಫೇದಾರರು ಪತ್ರವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ವಿಚಾರಣಾಧಿಕಾರಿಯ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಂತರ ಉಸ್ಸಪ್ಪಾ ಎಂದು ಎದ್ದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಹೊತ್ತು ಬರೆದುಕೊಂಡು, ಅರಗನ್ನು ಚಾಕುವಿನಿಂದ ಎಬ್ಬಿಸಿದರು.

ಒಳಗೆ ಒಣಗಿದ ಕೆಸರಿನ ವಾಸನೆ. ಕೈಯಂತ್ರ, ಅದರ ಜೊತೆಗಿನ ಪುಟ್ಟ ಪ್ರಿಂಟರು, ತಮ್ಮನ ಉದ್ದನೆಯ ಲೆಕ್ಕದ ಪುಸ್ತಕ. ಯಂತ್ರದ ಮೂಲೆಯಲ್ಲಿ ಅವನ ಹೆಬ್ಬೆರಳು ಉಜ್ಜಿ ಉಜ್ಜಿ ಬಣ್ಣ ಹೋಗಿದ್ದ ಜಾಗ ಕಂಡಾಗ ಕೀಲಿಯಕ್ಕ ತನ್ನ ಹೆಬ್ಬೆರಳನ್ನು ಅಲ್ಲಿಟ್ಟಳು. ಅಮ್ಮ ಹೋದಾಗ ಅವನಿಗೆ ಏಳು ವರ್ಷ, ಇವಳಿಗೆ ಹತ್ತೊಂಬತ್ತು. ಮಗ್ಗಿ ಬಾಯಿಪಾಠ ಮಾಡಿಸಿದವಳು, ಕಿವಿ ಹಿಂಡಿದವಳು, ಈ ಕೆಲಸಕ್ಕೆ ಹಚ್ಚಿದವಳು ಎಲ್ಲ ಇವಳೇ.

ಹೊಸ ಬ್ಯಾಟರಿ ಹಾಕಿ ಯಂತ್ರವನ್ನು ಎಬ್ಬಿಸಿದಳು. ಪರದೆಯಲ್ಲಿ ಸೊನ್ನೆ ಮೂಡಿತು.

"ನಲವತ್ತು ಲೆಕ್ಕ ಬೇಡ, ಒಂದೇ ಸಾಕು," ಎಂದಳು. "ಒಂಬತ್ತು. ಒಂಬತ್ತಕ್ಕೆ ಸೈನ್, ಬಂದದ್ದಕ್ಕೆ ಕಾಸ್, ಅದಕ್ಕೆ ಟ್ಯಾನ್. ಆಮೇಲೆ ಹೋದ ದಾರೀಲೇ ವಾಪಸ್ಸು. ಮನೆಗೆ ಬಂದಾಗ ಒಂಬತ್ತೇ ಇರ್ಬೇಕು. ಇರಲ್ಲ. ಪ್ರತಿ ಹೆಜ್ಜೆಯಲ್ಲೂ ಚೂರು ಚೂರು ಉದುರಿ ಕೊನೆಗೊಂದು ಬಾಲ ಉಳಿಯುತ್ತೆ. ಈ ಜಾತಿ ಮಾಡ್ಯೂಲಿಗೆಲ್ಲ ಒಂದೇ ಬಾಲ. ಬೇರೆ ಜಾತಿಯದಕ್ಕೆ ಬೇರೆ."

"ಗೊತ್ತು," ಎಂದರು ಪ್ರೊಫೆಸರರು, ಮುಖ ಊದಿಸಿಕೊಂಡು. "ಓದಿದೀನಿ."

"ಓದಿದೀರಿ. ಮಾಡಿಲ್ಲ."

ದಫೇದಾರರಿಗೆ ಇದು ತಲೆಬುಡ ತಿಳಿಯಲಿಲ್ಲ. "ಅಂದ್ರೆ ಬೆರಳಚ್ಚು ಇದ್ದಂಗಾ ಅಕ್ಕಾ?"

"ಹೂಂ. ಹಂಗೇ ಅನ್ಕೊಳ್ಳಿ. ಬೆಳಿಗ್ಗೆ ಸುರಂಗಕ್ಕೆ ಇಳಿಯೋ ಮುಂಚೆ ನನ್ನ ತಮ್ಮ ದಿನಾ ಈ ಒಂಬತ್ತು ಮಾಡ್ತಾನೆ. ಕೊನೇ ನಾಲ್ಕು ಅಂಕಿ ಪುಸ್ತಕದ ತಲೆಯಲ್ಲಿ ಬರೀತಾನೆ. ನಾನೇ ಕಲಿಸಿದ್ದು. ಬಾಲ ಸರಿ ಇದ್ರೆ ಕೆಲಸ, ಇಲ್ದಿದ್ರೆ ಯಂತ್ರ ನನ್ನ ಅಂಗಡಿಗೆ."

ಮೊದಲು ಗಾಜಿನ ಬೀರುವಿನ ಹೊಚ್ಚಹೊಸ ಮಾಡ್ಯೂಲ್. ಪ್ರೊಫೆಸರರು ಬೀಗ ತೆಗೆಯುವಾಗ ಅವರ ಕೈ ಕೂಸನ್ನು ಬೇರೆಯವರ ಮಡಿಲಿಗೆ ಕೊಡುವವರ ಹಾಗೆ ಹಿಂದೆಗೆಯಿತು. ಅವರದೇ ಯಂತ್ರಕ್ಕೆ ಚುಚ್ಚಿ ಕೀಲಿಯಕ್ಕ ಆರು ಸಲ ಒತ್ತಿದಳು. ಒಂಬತ್ತು, ಅದರ ಹಿಂದೆ ಬಾಲ. ಕೊನೆಯಲ್ಲಿ ಐದು, ಮೂರು, ಎಂಟು, ಎರಡು.

ಆಮೇಲೆ ಮೂಲೆಯ ಮೇಜಿನ ಕಂಪ್ಯೂಟರ್, ನಕ್ಷೆ ವಿಭಾಗದಿಂದ ತರಿಸಿ ಇಟ್ಟಿದ್ದದ್ದು. ಅದು ಎರಡು ನಿಮಿಷ ಗೊಣಗಿಕೊಂಡು ಎದ್ದಿತು. ಅದರ ಕಾರ್ಡಿನ ಬಾಲ ಬೇರೆಯೇ, ಒಂಬತ್ತಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅದು ಇರಬೇಕಾದದ್ದೇ ಹಾಗೆ.

"ಒಳಗಿನ ಗಣಿತ ಒಂದೇ ಅಂತ ಬರೆದಿದ್ರಿ," ಎಂದಳು. "ನೋಡ್ಕೊಳ್ಳಿ."

ಕೊನೆಗೆ ತಮ್ಮನ ಯಂತ್ರ, ಅದರ ಬೆನ್ನಲ್ಲಿ ಕೆಸರು ಮೆತ್ತಿಕೊಂಡೇ ಇದ್ದ ಮಾಡ್ಯೂಲ್. ಸೈನ್, ಕಾಸ್, ಟ್ಯಾನ್, ಹಿಂದಕ್ಕೆ ಮೂರು. ಅಂಕಿಗಳು ನಿಂತವು.

ಎರಡು, ಸೊನ್ನೆ, ಆರು, ನಾಲ್ಕು.

ಇನ್ನೊಂದು ಸಲ ಮಾಡಿದಳು, ಅದೇ ಬಂತು. ಆಮೇಲೆ ಮೂರಕ್ಕೂ ಅರ್ಧ ಡಿಗ್ರಿಯ ಟ್ಯಾನ್ ಕೇಳಿದಳು. ಬೀರುವಿನ ಮಾಡ್ಯೂಲೂ ಮೇಜಿನ ಕಾರ್ಡೂ ಒಂದೇ ಉತ್ತರ ಕೊಟ್ಟವು. ಇದು ನಾಲ್ಕನೆಯ ದಶಾಂಶದಲ್ಲೇ ದಾರಿ ತಪ್ಪಿತು.

"ಸುರಂಗದ ತಿರುವುಗಳೆಲ್ಲ ಒಂದು ಡಿಗ್ರಿಗಿಂತ ಚಿಕ್ಕವು," ಎಂದಳು ಕೀಲಿಯಕ್ಕ, ಹಲ್ಲು ಕಡಿಯುತ್ತಾ. "ಸುರಂಗದ ಬಾಯಿಂದ ದಿನಾ ಹೊಸದಾಗಿ ಲೆಕ್ಕ ಹಾಕ್ಬೇಕು, ಮೂರು ಕಿಲೋಮೀಟರ್ ಉದ್ದಕ್ಕೂ ಇದೇ ತಪ್ಪು ಕೂಡಿಕೊಂಡು ಬಂದಿದೆ. ನಿಮ್ಮ ನಲವತ್ತು ಲೆಕ್ಕದಲ್ಲಿ ಒಂದು ಡಿಗ್ರಿಗಿಂತ ಚಿಕ್ಕ ಕೋನ ಒಂದಾದ್ರೂ ಇತ್ತಾ? ಹುಡುಕಿ. ನಾನು ರಾತ್ರಿಯೆಲ್ಲ ಹುಡುಕಿದೀನಿ. ಇಲ್ಲ."

ಪ್ರೊಫೆಸರರು ಕುರ್ಚಿಯಲ್ಲಿ ಕುಸಿದರು. ಆ ಮುಖ ನೋಡಿ ಅವಳಿಗೆ ಕನಿಕರ ಹುಟ್ಟಬೇಕಿತ್ತು, ಹುಟ್ಟಲಿಲ್ಲ.

ಅವಳು ಲೆಕ್ಕದ ಪುಸ್ತಕ ತೆರೆದು ಅವರ ಮೂಗಿನ ಕೆಳಗೆ ಹಿಡಿದಳು. "ಇಪ್ಪತ್ತೈದನೇ ತಾರೀಖು, ನೀರು ನುಗ್ಗಿದ ದಿನ. ತಲೆಯಲ್ಲಿ ಏನಿದೆ? ಐದು ಮೂರು ಎಂಟು ಎರಡು. ಅವತ್ತು ಬೆಳಿಗ್ಗೆ ಸರಿಯಾದ ಮಾಡ್ಯೂಲೇ ಇತ್ತು. ಹಿಂದಿನ ದಿನವೂ ಅದೇ, ಅದರ ಹಿಂದಿನ ದಿನವೂ ಅದೇ. ಬೆಳಿಗ್ಗೆ ಪರೀಕ್ಷೆ ಆದ ಮೇಲೆ ಯಾರೋ ಮನೆಹಾಳರು ಮಾಡ್ಯೂಲ್ ಬದಲಾಯಿಸಿದಾರೆ. ನನ್ನ ತಮ್ಮನ ತಪ್ಪಿಲ್ಲ. ಬರೆದುಕೊಡಿ ಸರ್. ಈಗಲೇ, ನಿಮ್ಮ ಕೈಯಲ್ಲೇ ಬರೆದುಕೊಡಿ."

ಐದು ವಾರದಲ್ಲಿ ಮೊದಲ ಸಲ ಅವಳಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇವರಿಂದ ಬರೆಸಿಕೊಂಡು ಮೂರು ಗಂಟೆಯೊಳಗೆ ವಿಚಾರಣೆಯ ಕಚೇರಿಯಲ್ಲಿರಬಹುದು. ಆ ಪೆಚ್ಚುಮೋರೆಯ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟು ಮನೆಗೆ ಎಳೆದುಕೊಂಡು ಹೋಗಬಹುದು.

ಪ್ರೊಫೆಸರರು ಪೆನ್ನು ಹುಡುಕಿದರು. ಬಾಗಿ ದಫೇದಾರರ ಬೂಟಿನ ಬಳಿ ಬಿದ್ದಿದ್ದ ಪೆನ್ಸಿಲನ್ನೇ ಎತ್ತಿಕೊಂಡರು. ಬರೆಯಲು ಹೋದವರು ನಿಂತರು.

"ಪ್ರಿಂಟರ್ ಇದೆಯಲ್ಲ," ಎಂದರು ಮೆಲ್ಲಗೆ.

"ಇದ್ರೆ?"

"ಒತ್ತಿದ್ದೆಲ್ಲ ಅದರಲ್ಲಿ ಅಚ್ಚಾಗಿರುತ್ತೆ, ತಾರೀಖು ಸಮೇತ. ಒಂದು ತಪ್ಪು ಮಾಡಿದೀನಿ, ಇನ್ನೊಂದು ಮಾಡಲ್ಲ. ಬಿಚ್ಚಿ ನೋಡೇ ಬರೀತೀನಿ."

"ನೋಡಿ. ಬೇಕಾದಷ್ಟು ನೋಡಿ," ಎಂದು ಕೀಲಿಯಕ್ಕ ತಾನೇ ಪ್ರಿಂಟರಿನ ಮುಚ್ಚಳ ತೆಗೆದು, ಸುತ್ತಿಕೊಂಡಿದ್ದ ಕಾಗದದ ಪಟ್ಟಿಯನ್ನು ಮೇಜಿನುದ್ದಕ್ಕೂ ಬಿಚ್ಚಿದಳು. ಅಂಚು ಕೆಸರಿಗೆ ಕಂದಾಗಿತ್ತು, ಅಂಕಿಗಳು ಉಳಿದಿದ್ದವು.

ತಿಂಗಳ ಮೊದಲ ದಿನ. ಒಂಬತ್ತು, ಬಾಲ ಐದು ಮೂರು ಎಂಟು ಎರಡು. ಎರಡನೆಯ ದಿನ, ಮೂರನೆಯ ದಿನ, ದಿನಾ ಅದೇ. ಒಂಬತ್ತನೆಯ ತಾರೀಖಿಗೂ ಅದೇ. ಹತ್ತರಂದು ಪಟ್ಟಿಯಲ್ಲಿ ಏನೂ ಇರಲಿಲ್ಲ, ಅವತ್ತು ಯಂತ್ರ ಕೆಲಸ ಮಾಡಿರಲಿಲ್ಲ.

ಹನ್ನೊಂದು. ಬೆಳಿಗ್ಗೆ ಆರೂ ಮೂವತ್ತೈದು. ಒಂಬತ್ತು, ಬಾಲ ಎರಡು ಸೊನ್ನೆ ಆರು ನಾಲ್ಕು.

ಆರೂ ಮೂವತ್ತಾರು, ಮತ್ತೆ ಅದೇ. ಆರೂ ನಲವತ್ತು, ಮತ್ತೆ ಅದೇ.

ಅದರ ಕೆಳಗೆ ಆ ದಿನದ ಸರ್ವೆ ಲೆಕ್ಕ ಶುರುವಾಗಿತ್ತು. ಹನ್ನೆರಡರಿಂದ ಇಪ್ಪತ್ತೈದರವರೆಗೆ ಒಂಬತ್ತರ ಪರೀಕ್ಷೆ ಎಲ್ಲಿಯೂ ಇರಲಿಲ್ಲ.

ಕೀಲಿಯಕ್ಕ ಪುಸ್ತಕವನ್ನು ಹನ್ನೊಂದನೆಯ ತಾರೀಖಿಗೆ ತಿರುವಿದಳು. ಪುಟದ ತಲೆಯಲ್ಲಿ ತಮ್ಮನ ಕೈಬರಹ, ದುಂಡಗೆ, ಎಲ್ಲೂ ತಿದ್ದಿರಲಿಲ್ಲ. ಐದು ಮೂರು ಎಂಟು ಎರಡು.

ಪಟ್ಟಿಯನ್ನೂ ಪುಟವನ್ನೂ ಪಕ್ಕಪಕ್ಕ ಇಟ್ಟು ಅವಳು ಇನ್ನೊಮ್ಮೆ ಓದಿದಳು.

"ಅವನಿಗೆ ಗೊತ್ತಿತ್ತು," ಎಂದರು ಪ್ರೊಫೆಸರರು. ಅವರ ದನಿಯಲ್ಲಿ ಗೆದ್ದ ಹಮ್ಮು ಇರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. "ಮೂರು ಸಲ ನೋಡಿದಾನೆ. ನೋಡಿ, ಸುಳ್ಳು ಬರೆದಿದಾನೆ. ಆಮೇಲೆ ಎರಡು ವಾರ ಇದೇ ಮಾಡ್ಯೂಲಲ್ಲಿ ಲೆಕ್ಕ ಮಾಡಿದಾನೆ."

ದಫೇದಾರರು ಪೆನ್ನಿನ ಟೋಪಿ ತೆಗೆದು, ಮತ್ತೆ ಹಾಕಿದರು. "ಅಕ್ಕಾ, ಇದನ್ನೂ ಬರೀಬೇಕಾಗುತ್ತೆ ನಾನು."

"ಬರೀರಿ," ಎಂದಳು ಕೀಲಿಯಕ್ಕ. "ಬಿಡಬೇಡಿ, ಒಂದು ಅಂಕಿನೂ ಬಿಡಬೇಡಿ."

ಇಷ್ಟು ದಿನ ಅವಳ ಸಿಟ್ಟು ಊರೆಲ್ಲ ಅಲೆದಿತ್ತು. ಎಂಜಿನಿಯರರ ಮೇಲೆ, ಪೊಲೀಸರ ಮೇಲೆ, ಈ ಗಾಜಿನ ಬೀರುವಿನವರ ಮೇಲೆ. ಈಗ ಅದೆಲ್ಲ ಒಂದೇ ಕಡೆ ತಿರುಗಿತು. ಸತ್ತವರಲ್ಲಿ ಒಬ್ಬನ ಹೆಂಡತಿ ಅವಳ ಅಂಗಡಿಯ ಮೆಟ್ಟಿಲಿಗೆ ಬಂದು ಕೂತು, ನಿಮ್ಮ ತಮ್ಮ ಹೀಗೆ ಯಾಕೆ ಮಾಡಿದ ಎಂದು ಕೇಳಿದಾಗ ಇವಳು ಎದೆ ತಟ್ಟಿ, ಅವನು ಅಂಥವನಲ್ಲ ಕಣಮ್ಮ ಎಂದಿದ್ದಳು. ಆ ಹೆಂಗಸಿಗೆ ನೀರು ಕೊಟ್ಟು ಕಳಿಸಿದ್ದಳು.

ಫೋನ್ ತೆಗೆದು ನಂಬರ್ ಒತ್ತಿದಳು. "ಸ್ಪೀಕರ್ ಹಾಕ್ತೀನಿ. ನೀವಿಬ್ರೂ ಸಾಕ್ಷಿ. ದಫೇದಾರ್ರೇ, ಅವನು ಹೇಳೋದನ್ನ ಹೇಳಿದ ಹಾಗೇ ಬರ್ಕೊಳ್ಳಿ."

"ವಕೀಲರು ಬೇಡ್ವಾ ಅಕ್ಕಾ?"

"ವಕೀಲರಿಗೂ ಸುಳ್ಳು ಹೇಳಿರ್ತಾನೆ. ಬರ್ಕೊಳ್ಳಿ."

ಎರಡನೆಯ ಸದ್ದಿಗೇ ತಮ್ಮ ಎತ್ತಿಕೊಂಡ. "ಅಕ್ಕ, ಎಲ್ಲಿದೀಯಾ? ನಾನಾಗಲೇ ಇಲ್ಲಿಗೆ ಬಂದು ಕೂತಿದೀನಿ. ಊಟ ಮಾಡಿದ್ಯಾ?"

"ಊಟದ ಮಾತು ಬಿಡು. ನಿನ್ನ ಪ್ರಿಂಟರಿನ ಪಟ್ಟಿ ನನ್ನ ಮುಂದಿದೆ. ಹನ್ನೊಂದನೇ ತಾರೀಖು, ಬೆಳಿಗ್ಗೆ ಆರೂವರೆ ಆದ್ಮೇಲೆ. ಒಂಬತ್ತು ಮಾಡಿದ್ದೆ. ಮೂರು ಸಲ ಮಾಡಿದ್ದೆ. ಏನು ಬಂತು?"

ಅತ್ತ ಕಡೆ ಯಾರೋ ಕುರ್ಚಿ ಎಳೆದ ಸದ್ದು.

"ಏನು ಬಂತೋ?"

"ಬಿಡಕ್ಕ."

"ಬಿಡಕ್ಕ ಅಂತೀಯಾ? ಮೂರು ಹೆಣ ಬಿದ್ದಿದೆ ಕಣೋ. ಬಾಲ ತಪ್ಪಿದ್ರೆ ಸುರಂಗಕ್ಕೆ ಕಾಲಿಡಬೇಡ ಅಂತ ನಿನಗೆ ಎಷ್ಟು ಸಲ ಬಡ್ಕೊಂಡಿದೀನಿ. ಯಾರನ್ನ ಮುಚ್ಚಿಡೋಕೆ ಸುಳ್ಳು ಬರೆದೆ? ಯಾರು ಕೊಟ್ರು ನಿನಗೆ ಆ ಮಾಡ್ಯೂಲು? ಬಾಯಿ ಬಿಡು. ನನ್ನ ಮೇಲಾಣೆ."

"ಆಣೆ ಗೀಣೆ ಎಲ್ಲ ಯಾಕಕ್ಕ." ಅವನ ದನಿ ಒಡೆಯಿತು. "ನಿನಗೇ ಗೊತ್ತಿದೆಯಲ್ಲ."

"ನನಗೇನು ಗೊತ್ತು?"

"ಮಾಡ್ಯೂಲಿನ ಚುಚ್ಚೋ ಕಾಲು ಸವೆದಿದೆ ಅಂತ ಒಂಬತ್ತನೇ ತಾರೀಖು ಸಂಜೆ ನಿನ್ನ ಅಂಗಡಿಗೆ ಕಳಿಸಿದ್ನಲ್ಲ. ಹನ್ನೊಂದರ ಬೆಳಿಗ್ಗೆ ವಾಪಸ್ ಬಂತು, ನಿನ್ನ ಅಂಗಡಿ ಲಕೋಟೆಯಲ್ಲೇ. ಸರಿಮಾಡಿದೀನಿ, ಬಾಲ ಬದಲಾಗಿರುತ್ತೆ, ಹೆದರಬೇಡ, ಹಾಕ್ಕೋ ಅಂತ ಚೀಟಿ ಬರೆದಿದ್ದೆ. ಮೂರು ಸಲ ನೋಡಿದೆ, ಬೇರೆ ಬಂತು. ಅಕ್ಕ ಮುಟ್ಟಿದ ಮೇಲೆ ಇನ್ನೇನು ಅಂತ ಅನ್ಕೊಂಡೆ. ಹೊಸ ಬಾಲ ಬರೆದ್ರೆ ಇಲಾಖೆಯವರು ನಿನ್ನ ಕೆಲಸ ತಿರಸ್ಕಾರ ಮಾಡ್ತಾರೆ ಅಂತ ಹಳೇದನ್ನೇ ಬರೆದೆ." ಅವನು ಮೂಗೆಳೆದುಕೊಂಡ. "ನೀನು ತಪ್ಪು ಮಾಡಿಬಿಟ್ಟೆ ಅಂತ ನೀರು ಬಂದ ದಿನವೇ ನನಗೆ ಗೊತ್ತಾಯ್ತು. ನಿನ್ನ ಹೆಸರು ಬರಬಾರದು ಅಂತ ಐದು ವಾರ ಬಾಯಿಗೆ ಬೀಗ ಹಾಕ್ಕೊಂಡಿದೀನಿ. ನೀನೇ ಯಾಕಕ್ಕ ಕೆದಕಿದೆ?"

ಆ ತಿಂಗಳು ಕೀಲಿಯಕ್ಕನ ಅಂಗಡಿಗೆ ತಮ್ಮನಿಂದ ಯಾವ ಮಾಡ್ಯೂಲೂ ಬಂದಿರಲಿಲ್ಲ. ಅಂಥ ಚೀಟಿಯನ್ನು ಅವಳು ತನ್ನ ಜನ್ಮದಲ್ಲಿ ಬರೆದವಳಲ್ಲ.

"ನಾನು ಕಳಿಸಿಲ್ಲ ಕಣೋ," ಎಂದಳು. ಕೋಣೆಯಲ್ಲಿ ಆ ಮಾತು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ಪ್ರೊಫೆಸರರು ಕೈಯಂತ್ರದಿಂದ ಮಾಡ್ಯೂಲನ್ನು ನಿಧಾನವಾಗಿ ಎಳೆದು, ಕರವಸ್ತ್ರದಲ್ಲಿ ಅದರ ತಳದ ಕೆಸರು ಒರೆಸಿದರು. ಸ್ಕ್ರೂವಿನ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಹಸಿರು ಬಣ್ಣದ ಚುಕ್ಕೆ ಇತ್ತು. ಅವರು ಅದನ್ನು ನೋಡಿದರು, ಎದ್ದುಹೋಗಿ ಗಾಜಿನ ಬೀರುವಿನಿಂದ ಕೀಲಿಯಕ್ಕ ಎರಡು ವರ್ಷದ ಹಿಂದೆ ರಿಪೇರಿ ಮಾಡಿಕೊಟ್ಟಿದ್ದ ಯಂತ್ರವೊಂದನ್ನು ತಂದು ಪಕ್ಕದಲ್ಲಿ ಬೋರಲಾಗಿ ಇಟ್ಟರು. ಅದರ ಸ್ಕ್ರೂವಿನ ಮೇಲೂ ಅದೇ ಹಸಿರು ಚುಕ್ಕೆ. ರಿಪೇರಿ ಮಾಡಿದ ಮೇಲೆ ಅವಳು ತನ್ನ ಉಗುರು ಬಣ್ಣದ ಸೀಸೆಯಿಂದ ಇಡುವ ಗುರುತು, ಈ ಕಸುಬಿನಲ್ಲಿ ಅವಳೊಬ್ಬಳದೇ.

ಫೋನಿನಲ್ಲಿ ತಮ್ಮ "ಅಕ್ಕ? ಅಕ್ಕ, ಇದೀಯಾ?" ಎನ್ನುತ್ತಿದ್ದ.

ದಫೇದಾರರ ಪೆನ್ನು ರಿಜಿಸ್ಟರಿನ ಮೇಲೆ ಕರಕರ ಎಂದು ಓಡುತ್ತಿತ್ತು, ಹೇಳಿದ ಹಾಗೇ, ಒಂದು ಅಂಕಿಯನ್ನೂ ಬಿಡದೆ. ಕೊನೆಯ ಸಾಲಿಗೆ ಬಂದು ಅವರು ತಲೆಯೆತ್ತಿದರು. ಬಂದಾಗಿನಿಂದ ಅಕ್ಕಾ ಅಕ್ಕಾ ಎನ್ನುತ್ತಿದ್ದವರು ಈಗ ಹಾಗೆ ಕರೆಯಲಿಲ್ಲ.

"ನಿಮ್ಮ ಅಂಗಡಿಯ ಪೂರ್ತಿ ವಿಳಾಸ ಹೇಳಿ," ಎಂದರು.